ಬಟ್ಟೆಯ ಬೆನ್ನಿನ ಗಣಿತ

ಗಣಿತಕ್ಕೂ ಚಿತ್ರಕಲೆಗೂ ಇರುವ ಸಂಬಂಧವನ್ನು ಕುರಿತು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದ್ದಾರೆಂದು ತಿಳಿಸಿದಾಗ, ಸಾಹಿತ್ಯದ ಅಧ್ಯಾಪಕರಾದ ನನ್ನ ಸ್ನೇಹಿತರೊಬ್ಬರು, “ಅದು ಎಣ್ಣೆ ಸೀಗೆಕಾಯಿಗಳ ಸಂಬಂಧವಲ್ಲವೆ?” ಎಂದು ನಕ್ಕರು. ಎಣ್ಣೆ ಸೀಗೆಕಾಯಿಗಳೆರಡೂ ಕೊನೆಗೆ ಕೂಡುವುದು ಒಂದೇ ತಲೆಯ ಮೇಲೆ ಎಂಬುದನ್ನು ಅವರು ಮರೆತಿದ್ದರು. ಮೂವತ್ತು ವರ್ಷ ಗಣಿತ ಕಲಿಸಿದವನಾದ ನನಗೆ ಈ ಹಾಸ್ಯ ಹೊಸದಲ್ಲ. ಗಣಿತವೆಂದರೆ ಒಣ ಲೆಕ್ಕ, ಕಲೆಯೆಂದರೆ ಹಸಿ ಭಾವ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದನ್ನು ಖಂಡಿಸಲು ಹೊರಟವರು ಹಿಡಿಯುವ ದಾರಿಯಾದರೂ ನನಗೆ ಅಷ್ಟೇನೂ ಮೆಚ್ಚಿಕೆಯಾಗಿಲ್ಲ. ಮೊದಲು ಆ ಮಾತನ್ನು ಮುಗಿಸಿಬಿಡುತ್ತೇನೆ.

ಈ ವಿಷಯ ಬಂದಾಗಲೆಲ್ಲ ಮೊದಲು ಕಿವಿಗೆ ಬೀಳುವುದು ‘ಸುವರ್ಣ ಅನುಪಾತ’ದ ಹೆಸರು. ಒಂದು ಗೆರೆಯನ್ನು ಎರಡು ತುಂಡು ಮಾಡಿದಾಗ ಇಡಿಯ ಗೆರೆಗೂ ದೊಡ್ಡ ತುಂಡಿಗೂ ಇರುವ ಪ್ರಮಾಣವೇ ದೊಡ್ಡ ತುಂಡಿಗೂ ಸಣ್ಣ ತುಂಡಿಗೂ ಇದ್ದರೆ, ಆ ಪ್ರಮಾಣ ಸುಮಾರು 1.618 ಆಗುತ್ತದೆ. ಯೂಕ್ಲಿಡನಿಗೆ ಇದು ಗೊತ್ತಿತ್ತು. ಆದರೆ ಗ್ರೀಕರ ಪಾರ್ಥೆನಾನ್ ಗುಡಿಯಲ್ಲೂ ಮೋನಾಲಿಸಾಳ ಮುಖದಲ್ಲೂ ಚೆಲುವಿನ ಗುಟ್ಟೇ ಇದು ಎನ್ನುವ ಮಾತು ಬಹಳ ಈಚಿನದು. 1509ರಲ್ಲಿ ಲೂಕಾ ಪಾಚೋಲಿ ಈ ಅನುಪಾತವನ್ನು ಕುರಿತು ಒಂದು ಗ್ರಂಥವನ್ನೇ ಅಚ್ಚು ಹಾಕಿಸಿದ; ಅದರ ಘನಾಕೃತಿಗಳನ್ನು ಬರೆದುಕೊಟ್ಟವನು ಸಾಕ್ಷಾತ್ ಲಿಯೊನಾರ್ಡೊ ಡ ವಿಂಚಿ. ಆದರೂ ಕಟ್ಟಡ ಕಟ್ಟುವವರಿಗೆ ಅಳತೆ ಹೇಳುವಾಗ ಪಾಚೋಲಿ ಹಿಡಿದದ್ದು ಪ್ರಾಚೀನ ರೋಮಿನ ವಿಟ್ರೂವಿಯಸ್ ಹೇಳಿದ ಸರಳ ಪ್ರಮಾಣಗಳನ್ನೇ. ಈ ಅನುಪಾತಕ್ಕೆ ‘ಸುವರ್ಣ’ ಎಂಬ ವಿಶೇಷಣ ಅಚ್ಚಿನಲ್ಲಿ ಕಾಣುವುದು 1835ರಲ್ಲಿ, ಜರ್ಮನಿಯ ಮಾರ್ಟಿನ್ ಓಮ್‌ನ ಪುಸ್ತಕದಲ್ಲಿ. ವಿದ್ಯುತ್ತಿನ ಪಾಠದಲ್ಲಿ ಬರುವ ಓಮ್‌ನ ತಮ್ಮ ಈತ. ಸಾಕಷ್ಟು ದಪ್ಪನೆಯ ಸೀಸದಕಡ್ಡಿಯಿಂದ ಆಯತ ಎಳೆದರೆ ಅದು ಯಾರ ಮುಖದ ಮೇಲಾದರೂ ಕೂರುತ್ತದೆ ಎಂಬುದಷ್ಟೇ ಈ ಬಗ್ಗೆ ನನ್ನ ಅಭಿಪ್ರಾಯ.

ಚೆಲುವನ್ನು ಒಂದು ಸಂಖ್ಯೆಯಿಂದ ಅಳೆಯುವ ಈ ಆಸೆಯಲ್ಲಿಯೇ ತಪ್ಪಿದೆ. ಕುಮಾರವ್ಯಾಸನನ್ನು ಓದಿದವರಿಗೆ ಇದನ್ನು ವಿವರಿಸುವುದು ಸುಲಭ. ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು ಮೂರು ನಾಲ್ಕು ಎಂದು ಮಾತ್ರೆಗಳು ನಡೆಯುತ್ತವೆ; ಮೊದಲ ಸಾಲಿಗೆ 14, ಮೂರನೆಯ ಸಾಲಿಗೆ 23. ಪದ್ಯ ಚೆನ್ನಾಗಿರುವುದು ಹದಿನಾಲ್ಕರಿಂದ ಎಂದು ಯಾರೂ ಹೇಳುವುದಿಲ್ಲ. ಆದರೆ ಆ ಎಣಿಕೆಯ ನೆಲವನ್ನು ತೆಗೆದುಬಿಟ್ಟರೆ ಕವಿಯ ಕಾಲಿಗೆ ಕುಣಿಯಲು ಜಾಗವಿಲ್ಲ. ಸಂಖ್ಯೆ ಚೆಲುವಿನ ಕಾರಣವಲ್ಲ, ಚೆಲುವು ನಿಲ್ಲುವ ಜಾಗ. ಚಿತ್ರಕಲೆಯಲ್ಲಿಯೂ ಗಣಿತವನ್ನು ಹುಡುಕಬೇಕಾದದ್ದು ಅಲ್ಲಿಯೇ, ಸಾಮಗ್ರಿ ಏನನ್ನು ಮಾಡಗೊಡುತ್ತದೆ, ಏನನ್ನು ಮಾಡಗೊಡುವುದಿಲ್ಲ ಎಂಬ ಎಡೆಯಲ್ಲಿ.

ಯುರೋಪಿನ ಚಿತ್ರಕಾರರು ದೂರದ ವಸ್ತು ಚಿಕ್ಕದಾಗಿ ಕಾಣುವುದನ್ನು ರೇಖಾಗಣಿತದಿಂದ ಸಾಧಿಸಿದ ಕಥೆ, ಅಂದರೆ 1435ರಲ್ಲಿ ಆಲ್ಬೆರ್ಟಿ ಬರೆದಿಟ್ಟ ಪರಿದೃಶ್ಯದ ವಿಧಾನ, ಈ ಮಾತಿಗೆ ಒಳ್ಳೆಯ ನಿದರ್ಶನವೇ. ಅದನ್ನು ಹೇಳಿದವರು ಬಹಳ ಮಂದಿ ಇದ್ದಾರೆ. ನಾನು ಇಂದು ಆರಿಸಿಕೊಂಡಿರುವುದು ಗ್ರಂಥವಿಲ್ಲದ, ಗುರುಕುಲವಿಲ್ಲದ, ಧಾರವಾಡ ಹುಬ್ಬಳ್ಳಿಗಳ ಮನೆಯ ಪಡಸಾಲೆಗಳಲ್ಲಿ ಹೆಂಗಸರು ಮಾಡಿಕೊಂಡು ಬಂದಿರುವ ಕಸೂತಿಯನ್ನು.

ಕಸೂತಿ ಎಂಬ ಮಾತು ಕೈ ಮತ್ತು ನೂಲು ಎಂಬ ಅರ್ಥದ ಎರಡು ಮಾತುಗಳು ಕೂಡಿ ಆದದ್ದೆಂದು ಹೇಳುವುದುಂಟು. ಇಳಕಲ್ ಸೀರೆಯ ಸೆರಗಿನ ಮೇಲೆ, ಕುಪ್ಪಸದ ಮೇಲೆ, ಮದುವಣಗಿತ್ತಿಗೆ ಕೊಡುತ್ತಿದ್ದ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಮೇಲೆ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ, ಶಂಖ, ನವಿಲುಗಳನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ಕಂಡಿರಬೇಕು. ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ನೇಯ್ಗಿ ನೆಯ್ಗೆಯನ್ನು ಹೋಲುತ್ತದೆ. ಮೆಂತಿ ಒಂದರ ಮೇಲೊಂದು ಅಡ್ಡಹಾಯುವ ಹೊಲಿಗೆ. ಇವೆರಡನ್ನು ಇಂದು ಬದಿಗಿಡುತ್ತೇನೆ. ಗವಂತಿ ನೇರ ಗೆರೆಗಳದು, ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಈ ಎರಡರ ವೈಶಿಷ್ಟ್ಯವೆಂದರೆ ಬಟ್ಟೆಯ ಮುಂಬದಿಯಲ್ಲಿ ಚಿತ್ರ ಹೇಗಿದೆಯೋ ಹಿಂಬದಿಯಲ್ಲಿಯೂ ಹಾಗೆಯೇ ಇರುತ್ತದೆ. ಎಲ್ಲಿಯೂ ಗಂಟಿಲ್ಲ. ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಮುಂದುವರಿಯುತ್ತದೆ.

ಈ ‘ಹಿಂದೆ ಮುಂದೆ ಒಂದೇ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ರೇಡಿಯೋದಲ್ಲಿ ಚಿತ್ರ ತೋರಿಸುವ ಅನುಕೂಲವಿಲ್ಲ; ತಾವು ಮನಸ್ಸಿನಲ್ಲಿಯೇ ಒಂದು ಸೂಜಿ ಹಿಡಿಯಬೇಕು. ಸೂಜಿ ಬಟ್ಟೆಯ ಅಡಿಯಿಂದ ಮೇಲೆ ಬಂತು. ನಾಲ್ಕು ಎಳೆ ದಾಟಿ ಕೆಳಗಿಳಿಯಿತು. ಮೇಲೆ ಒಂದು ಹೊಲಿಗೆ ಬಿತ್ತು. ಈಗ ಅದು ಅಡಿಯಲ್ಲಿದೆ. ನಾಲ್ಕು ಎಳೆ ಅಡಿಯಲ್ಲಿಯೇ ಸಾಗಿ ಮತ್ತೆ ಮೇಲೆ ಬಂತು. ಹಿಂಬದಿಗೆ ಒಂದು ಹೊಲಿಗೆ ಬಿತ್ತು, ಮುಂಬದಿಯಲ್ಲಿ ಬರಿಯ ಜಾಗ ಉಳಿಯಿತು. ಹೀಗೆ ಮೇಲೆ, ಕೆಳಗೆ, ಮೇಲೆ, ಕೆಳಗೆ. ಇದು ಸೂಜಿಯ ಹುಟ್ಟುಗುಣ. ಎರಡು ಸಲ ಮೇಲೆಯೇ ನಡೆಯುವುದು ಅದಕ್ಕೆ ಸಾಧ್ಯವಿಲ್ಲ. ಆದ್ದರಿಂದ ಒಂದು ಗೆರೆಯುದ್ದಕ್ಕೂ ಹೋದಾಗ ಮುಂದೆ ಕಾಣುವುದು ಅರ್ಧ ಗೆರೆ, ಹಿಂದೆ ಉಳಿದರ್ಧ. ಗೆರೆಯ ತುದಿ ಮುಟ್ಟಿ ಅದೇ ರಂಧ್ರಗಳಲ್ಲಿ ಹಿಂದಿರುಗಿದರೆ ಬಿಟ್ಟ ಜಾಗಗಳು ತುಂಬುತ್ತವೆ. ಮುಂದೆಯೂ ಗೆರೆ ಪೂರ್ಣ, ಹಿಂದೆಯೂ ಪೂರ್ಣ.

ಒಂದು ನೇರ ಗೆರೆಯಾದರೆ ಇಷ್ಟೇ. ಆದರೆ ಗೋಪುರವೆಂದರೆ ಒಂದು ಗೆರೆಯೆ? ಅಂತಸ್ತಿನ ಮೇಲೆ ಅಂತಸ್ತು, ಪ್ರತಿಯೊಂದರಲ್ಲೂ ಗೂಡು, ಗೂಡಿನೊಳಗೆ ದೀಪ, ನೆತ್ತಿಯಲ್ಲಿ ಕಳಸ. ಗೆರೆಗಳು ಕವಲೊಡೆಯುತ್ತವೆ, ಸುತ್ತಿ ಬಂದು ಕೂಡುತ್ತವೆ. ಇಂಥ ಆಕೃತಿಯ ಪ್ರತಿಯೊಂದು ಹೊಲಿಗೆಯನ್ನೂ ಸರಿಯಾಗಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಹಾಕಿ, ಎಲ್ಲಿಯೂ ದಾರ ಕಡಿಯದೆ, ಎಲ್ಲಿಯೂ ಹಾರದೆ, ಹೊರಟಲ್ಲಿಗೇ ಬಂದು ಮುಟ್ಟಬಹುದೆ? ಯಾವ ಆಕೃತಿಯಲ್ಲಾದರೂ ಬಹುದೆ, ಕೆಲವದರಲ್ಲಿ ಮಾತ್ರವೆ? ಗಣಿತದವನಿಗೆ ಕಸೂತಿ ಕಂಡಾಗ ಏಳುವ ಪ್ರಶ್ನೆ ಇದು.

ಪ್ರಶ್ನೆ ಬರಿಯ ನಮ್ಮ ನಾಡಿನದಲ್ಲ. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಳಿಯ ನಾರುಬಟ್ಟೆಯ ಮೇಲೆ ಕಪ್ಪು ರೇಷ್ಮೆಯಿಂದ ಇದೇ ಹೊಲಿಗೆಯನ್ನು ಹಾಕುತ್ತಿದ್ದರು. ಎಂಟನೆಯ ಹೆನ್ರಿಯ ಆಸ್ಥಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ತನ್ನ ಭಾವಚಿತ್ರಗಳಲ್ಲಿ ಅದನ್ನು ಎಷ್ಟು ನಿಷ್ಠೆಯಿಂದ ಬರೆದನೆಂದರೆ ಆ ಹೊಲಿಗೆಗೆ ಇಂದಿಗೂ ಅವನದೇ ಹೆಸರು. ಸುಮಾರು 1536ರಲ್ಲಿ ಅವನು ಬರೆದ ರಾಣಿ ಜೇನ್ ಸೀಮೂರಳ ಚಿತ್ರ ವಿಯೆನ್ನಾದ ಸಂಗ್ರಹಾಲಯದಲ್ಲಿದೆ. ಮುಂಗೈಯ ನೆರಿಗೆಗಳಲ್ಲಿ ಈ ಕಪ್ಪು ಕೆಲಸ ಕಾಣುತ್ತದೆ. ಅಂಗಿಯ ಕೊರಳಪಟ್ಟಿ, ಮುಂಗೈಪಟ್ಟಿ ಮಡಿಸಿಕೊಂಡಾಗ ಅದರ ಎರಡು ಮೈಯೂ ಕಣ್ಣಿಗೆ ಬೀಳುತ್ತವೆ. ನಮ್ಮ ಸೆರಗೂ ಹಾಗೆಯೇ. ಗಾಳಿಗೆ ತಿರುಗಿದರೆ ಬೆನ್ನು ಕಾಣುತ್ತದೆ. ಎರಡು ನಾಡಿನ ಹೆಂಗಸರಿಗೆ ಒಂದೇ ಅಗತ್ಯ ಬಂತು, ಸೂಜಿ ಎರಡು ಕಡೆಯೂ ಒಂದೇ ಉತ್ತರ ಕೊಟ್ಟಿತು. ಯಾರಿಂದ ಯಾರು ಕಲಿತರೆಂದು ವಾದಿಸುವುದಕ್ಕಿಂತ ಈ ಸಂಗತಿಯೇ ನನಗೆ ಹೆಚ್ಚು ಸ್ವಾರಸ್ಯವಾಗಿ ತೋರುತ್ತದೆ.

ಇಂಥ ಪ್ರಶ್ನೆಗಳನ್ನು ಗಣಿತ ಮೊಟ್ಟಮೊದಲು ಕೈಗೆತ್ತಿಕೊಂಡದ್ದು ಹೊಲಿಗೆಯಿಂದಲ್ಲ, ಸೇತುವೆಗಳಿಂದ. ಪ್ರಷ್ಯದ ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ (ಇಂದು ಅದು ರಷ್ಯದ ಕಲಿನಿನ್‌ಗ್ರಾದ್) ಪ್ರೆಗೆಲ್ ಎಂಬ ಹೊಳೆ ಕವಲೊಡೆದು ನಡುವೆ ಒಂದು ದ್ವೀಪವನ್ನು ಮಾಡಿತ್ತು. ನೆಲದ ನಾಲ್ಕು ಭಾಗಗಳನ್ನು ಏಳು ಸೇತುವೆಗಳು ಜೋಡಿಸಿದ್ದವು. ಪ್ರತಿಯೊಂದು ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಬಹುದೆ ಎಂಬುದು ಒಗಟು. 1735ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಸಭೆಯ ಮುಂದೆ ಲಿಯೊನಾರ್ಡ್ ಆಯ್ಲರ್, ಸಾಧ್ಯವಿಲ್ಲವೆಂದು ತೋರಿಸಿಕೊಟ್ಟ. ಅವನ ವಾದವನ್ನು ಮಕ್ಕಳಿಗೂ ಹೇಳಬಹುದು. ನಡುವಿನ ಯಾವುದೇ ನೆಲಕ್ಕೆ ನೀವು ಒಂದು ಸೇತುವೆಯಿಂದ ಬಂದರೆ ಇನ್ನೊಂದರಿಂದ ಹೊರಡಬೇಕು. ಎಂದರೆ ಸೇತುವೆಗಳು ಜೋಡಿ ಜೋಡಿಯಾಗಿ ಖರ್ಚಾಗುತ್ತವೆ. ಯಾವ ನೆಲಕ್ಕೆ ಬೆಸಸಂಖ್ಯೆಯ ಸೇತುವೆಗಳಿವೆಯೋ ಅದು ಪ್ರಯಾಣದ ಮೊದಲಾಗಿರಬೇಕು ಇಲ್ಲವೆ ಕೊನೆಯಾಗಿರಬೇಕು. ಮೊದಲು ಒಂದು, ಕೊನೆ ಒಂದು; ಬೆಸದ ನೆಲ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಕೋನಿಗ್ಸ್‌ಬರ್ಗಿನಲ್ಲಿ ದ್ವೀಪಕ್ಕೆ ಐದು, ಉಳಿದ ಮೂರು ನೆಲಗಳಿಗೆ ಮೂರು ಮೂರು. ನಾಲ್ಕೂ ಬೆಸ. ಅಲ್ಲಿಗೆ ವಿಹಾರ ಮುಗಿಯಿತು. ಎಲ್ಲ ಎಡೆಗಳೂ ಸಮವಾಗಿದ್ದು, ಆಕೃತಿ ಒಂದಕ್ಕೊಂದು ಕೂಡಿಕೊಂಡಿದ್ದರೆ ಸುತ್ತು ಖಂಡಿತ ಉಂಟೆಂಬ ಮರುಮಾತಿನ ಪೂರ್ಣ ಸಾಧನೆ ಬಂದದ್ದು ಬಹಳ ತಡವಾಗಿ. ಅದನ್ನು ಸಾಧಿಸಿದ ಹಿಯರ್‌ಹೋಲ್ಟ್ಸರ್ ತೀರಿಕೊಂಡ ಮೇಲೆ, 1873ರಲ್ಲಿ, ಅವನ ಲೇಖನ ಪ್ರಕಟವಾಯಿತು.

ಈಗ ಕಸೂತಿಗೆ ಬರೋಣ. ಪ್ರತಿ ಹೊಲಿಗೆಯೂ ಎರಡು ಸಲ, ಮುಂದೊಮ್ಮೆ ಹಿಂದೊಮ್ಮೆ. ಹಾಗೆಂದರೆ ಪ್ರತಿಯೊಂದು ಗೆರೆಯೂ ಇಮ್ಮಡಿ. ಯಾವ ಕೂಡುಬಿಂದುವಿನಲ್ಲಿ ಮೂರು ಗೆರೆ ಸೇರುತ್ತವೆಯೋ ಅಲ್ಲಿ ಈಗ ಆರು ದಾರಿ. ಐದು ಸೇರುವಲ್ಲಿ ಹತ್ತು. ಬೆಸವೆಂಬುದೇ ಉಳಿಯಲಿಲ್ಲ. ಆಯ್ಲರ್ ಕಂಡ ಅಡ್ಡಿ ಇಲ್ಲಿ ತಾನಾಗಿ ಕರಗಿಹೋಯಿತು. ಆದರೆ ಅವನ ಪಾದಚಾರಿಗಿಲ್ಲದ ಕಟ್ಟೊಂದು ಸೂಜಿಗಿದೆ: ಮೇಲೆ ಕೆಳಗೆ ಸರದಿ ತಪ್ಪಬಾರದು. ಎರಡನೆಯ ಸಲ ಅದೇ ಹೊಲಿಗೆಗೆ ಬಂದಾಗ ಮೊದಲು ಮೇಲಿದ್ದರೆ ಈಗ ಕೆಳಗಿರಬೇಕು.

ಇದು ಸುಮ್ಮನೆ ಆಗಿಬಿಡುವುದಿಲ್ಲ. ನಾಲ್ಕೇ ಹೊಲಿಗೆಯ ಒಂದು ಚೌಕವನ್ನು ನೆನೆಯಿರಿ. ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಒಂದು ಸುತ್ತು ಬಂದಿರಿ. ಮುಂಬದಿಯಲ್ಲಿ ಎದುರು ಬದುರಿನ ಎರಡು ಬಾಹುಗಳು ಮಾತ್ರ ಮೂಡಿವೆ. ಉಳಿದೆರಡನ್ನು ತುಂಬಲು ಅದೇ ದಿಕ್ಕಿನಲ್ಲಿ ಇನ್ನೊಂದು ಸುತ್ತು ಹೊರಟರೆ ಏನಾಗುತ್ತದೆ? ಐದನೆಯ ಹೊಲಿಗೆ ಮತ್ತೆ ಮೇಲೆ; ಅದು ಬೀಳುವುದು ಮೊದಲನೆಯದರ ಮೇಲೆಯೇ. ಹೀಗೆಯೇ ನೂರು ಸುತ್ತು ಸುತ್ತಿದರೂ ಖಾಲಿ ಖಾಲಿಯಾಗಿಯೇ ಉಳಿಯುತ್ತದೆ. ತಿರುಗಬೇಕು. ನಾಲ್ಕನೆಯ ಹೊಲಿಗೆ ಕೆಳಗೆ ಹಾಕಿದ್ದೀರಿ. ಅದರ ಮೇಲೆಯೇ ಹಿಂದಿರುಗಿದರೆ ಐದನೆಯದು ಮೇಲೆ ಬೀಳುತ್ತದೆ, ಜಾಗ ತುಂಬುತ್ತದೆ. ಮುಂದಿನದು ತಾನಾಗಿ ಸರಿಹೋಗುತ್ತದೆ.

ಧಾರವಾಡದಲ್ಲಿ ನಮ್ಮ ಓಣಿಯಲ್ಲಿಯೇ ಇದ್ದ ವಯಸ್ಸಾದ ತಾಯಿಯೊಬ್ಬರು ಕಸೂತಿ ಹಾಕುತ್ತಿದ್ದುದನ್ನು ನಾನು ಬಹಳ ಹೊತ್ತು ಕೂತು ನೋಡಿದ್ದೇನೆ. ಕವಲು ಬಂದಾಗ ಯಾವ ಕಡೆಗೆ ಹೋಗಬೇಕೆಂದು ಹೇಗೆ ಗೊತ್ತುಮಾಡುತ್ತೀರಿ ಎಂದು ಕೇಳಿದೆ. ಸೂಜಿ ನಿಲ್ಲಿಸದೆಯೇ ಅವರು ಹೇಳಿದರು: “ಯಾ ಕಡೆನೂ ಹೋಗ್ರಿ, ಹೋದ ದಾರೀಲೆ ಹೊಳ್ಳಿ ಬರಬೇಕು ನೋಡ್ರಿ. ಅಡ್ಡದಾರಿ ಹಿಡದ್ರ ಹಿಂದ ಕಾಣಸ್ತದ.”

ಈ ಮಾತಿನಲ್ಲಿ ಒಂದು ಪ್ರಮೇಯವೇ ಇದೆ ಎಂದರೆ ಅತಿಶಯವೆನಿಸಬಹುದು, ಸಾಧಿಸಿ ತೋರಿಸುತ್ತೇನೆ. ಮುಖ್ಯ ಗೆರೆಯಲ್ಲಿ ಹೋಗುತ್ತಿರುವಾಗ ಒಂದು ಕವಲು ಬಂತು. ಕವಲಿನೊಳಗೆ ಹೊಕ್ಕು, ಅದರ ಉಪಕವಲುಗಳನ್ನೆಲ್ಲ ಮುಗಿಸಿ, ಹೋದ ದಾರಿಯಲ್ಲಿಯೇ ಹೊರಳಿ ಬಂದಿರಿ. ಒಟ್ಟು ಎಷ್ಟು ಹೊಲಿಗೆ ಹಾಕಿದಿರಿ? ಹೋಗುವಾಗ ಎಷ್ಟೋ ಬರುವಾಗಲೂ ಅಷ್ಟೇ. ಆದ್ದರಿಂದ ಮೊತ್ತ ಯಾವಾಗಲೂ ಸಮಸಂಖ್ಯೆ. ಸಮಸಂಖ್ಯೆಯ ಹೊಲಿಗೆಗಳ ನಂತರ ಸೂಜಿಯ ಸರದಿ ಮೊದಲಿದ್ದಂತೆಯೇ ಇರುತ್ತದೆ; ಹೊಕ್ಕಾಗ ಅದು ಬಟ್ಟೆಯ ಮೇಲಿದ್ದರೆ ಮರಳಿದಾಗಲೂ ಮೇಲೆಯೇ. ಎಂದರೆ ಈ ಪಯಣ ಮುಖ್ಯ ಗೆರೆಯ ಸರದಿಯನ್ನು ಕದಡಲೇ ಇಲ್ಲ. ಇನ್ನು ಯಾವುದೇ ಒಂದು ಹೊಲಿಗೆಯನ್ನು ಹಿಡಿಯಿರಿ. ಅದನ್ನು ಹೋಗುತ್ತ ಒಮ್ಮೆ ಹಾಕಿದಿರಿ, ಬರುತ್ತ ಒಮ್ಮೆ. ಈ ಎರಡರ ನಡುವೆ ಬಿದ್ದದ್ದು ಅದರಾಚೆಯ ಕವಲುಗಳ ಹೊಲಿಗೆಗಳು, ಅಂದರೆ ಒಂದು ಸಮಸಂಖ್ಯೆ. ಆದ್ದರಿಂದ ಹೋಗುವಾಗ ಮೇಲಾಗಿದ್ದರೆ ಬರುವಾಗ ತಪ್ಪದೆ ಕೆಳಗೆ. ಗೆರೆಗಳು ಸುತ್ತಿ ಬಂದು ಕೂಡಿಕೊಂಡರೆ? ಆಗಲೂ ಭಯವಿಲ್ಲ. ಈಗಾಗಲೇ ಮುಟ್ಟಿದ ಬಿಂದುವಿಗೆ ತಾಗಿಸುವ ಕೊನೆಯ ಹೊಲಿಗೆಯನ್ನು ಒಂದು ಕುರುಡುಗವಲೆಂದೇ ಭಾವಿಸಿ, ಹಾಕಿ, ತಕ್ಷಣ ಹೊರಳಿಬಿಡುವುದು. ಇಷ್ಟೇ. ಬಿಡದೆ ಕೂಡಿಕೊಂಡಿರುವ ಯಾವ ಆಕೃತಿಯನ್ನಾದರೂ, ಅದು ಎಷ್ಟೇ ಜಟಿಲವಾಗಿರಲಿ, ಒಂದೇ ದಾರದಲ್ಲಿ ಹಿಂದೆ ಮುಂದೆ ಒಂದಾಗುವಂತೆ ಹಾಕಬಹುದು. ಅಮೆರಿಕದ ಜೋಶುವಾ ಹೋಲ್ಡನ್ ಎಂಬ ಗಣಿತಜ್ಞರು ಇಂಗ್ಲೆಂಡಿನ ಆ ಕಪ್ಪು ಕಸೂತಿಯನ್ನು ಗ್ರಾಫ್ ಸಿದ್ಧಾಂತದ ದೃಷ್ಟಿಯಿಂದ ವಿವೇಚಿಸಿದ ಲೇಖನ ಬಂದದ್ದು ಈ ಶತಮಾನದ ಮೊದಲ ದಶಕದಲ್ಲಿ.

‘ಕೂಡಿಕೊಂಡಿರುವ’ ಎಂಬ ಒಂದು ವಿಶೇಷಣವನ್ನು ಮಾತ್ರ ಬಿಡುವಂತಿಲ್ಲ. ಆನೆಯ ಕಣ್ಣು ಮೈಯ ಗೆರೆಗೆ ತಾಗದೆ ಒಂಟಿಯಾಗಿ ನಿಂತಿತೆನ್ನಿ. ಅಲ್ಲಿಗೆ ಹೋಗಬೇಕಾದರೆ ಸೂಜಿ ಹಾರಬೇಕು. ಹಾರಿದರೆ ಬೆನ್ನಿನಲ್ಲಿ ಗುರುತು ಉಳಿಯುತ್ತದೆ. ಕಣ್ಣಿಗೆ ಬೇರೆ ದಾರ ಹೂಡಬೇಕು, ಇಲ್ಲವೆ ಕಣ್ಣನ್ನು ಮೈಗೆ ಸೇರಿಸುವ ಗೆರೆಯೊಂದನ್ನು ಕಲ್ಪಿಸಬೇಕು. ಗವಂತಿಯ ಚಿತ್ರಗಳಲ್ಲಿ ಎಲ್ಲವೂ ಎಲ್ಲವನ್ನೂ ಮುಟ್ಟಿಕೊಂಡು ಬೆಳೆಯುವ ಆ ನೇಯ್ದಂಥ ಕಟ್ಟಿಗೆ ಇದೊಂದು ಕಾರಣವೆಂದು ನಾನು ನಂಬುತ್ತೇನೆ. ನಾವು ‘ಶೈಲಿ’ ಎಂದು ಕರೆದು ಮೆಚ್ಚುವುದರಲ್ಲಿ ಎಷ್ಟೋ ಪಾಲು ಸಾಮಗ್ರಿಯ ಷರತ್ತು.

ಇನ್ನೊಂದು ಷರತ್ತು ಬಟ್ಟೆಯದು. ಹಾಸು ಹೊಕ್ಕುಗಳು ಸಮವಾಗಿ ಹೆಣೆದ ಬಟ್ಟೆಯೆಂದರೆ ಚೌಕಳಿ ಹಾಕಿದ ಕಾಗದವಿದ್ದಂತೆ. ಸೂಜಿ ಇಳಿಯುವುದು ಎಳೆಗಳ ನಡುವೆ ಮಾತ್ರ. ಇಂಥ ಚೌಕಳಿಯ ಬಿಂದುಗಳ ಮೇಲೆ ಮೂಲೆಗಳನ್ನಿಟ್ಟು ಬರೆಯಬಹುದಾದ ಸಮಬಾಹು ಸಮಕೋನಗಳ ಆಕೃತಿ ಒಂದೇ ಒಂದು, ಚೌಕ. ಸಮಬಾಹು ತ್ರಿಕೋನವೂ ಇಲ್ಲ, ಷಡ್ಭುಜವೂ ಇಲ್ಲ. ಹಾಗಾದರೆ ಕಸೂತಿಯಲ್ಲಿ ಎಂಟು ಮೂಲೆಯ ಹೂ ಎಷ್ಟು ಸಲ ಕಂಡಿಲ್ಲ ಎಂದು ತಾವು ಕೇಳಬಹುದು. ಅದು ಸರಿಯಾದ ಅಷ್ಟಭುಜವಲ್ಲ. ನೇರ ಬಾಹುವಿನಲ್ಲಿ ಒಂದು ಮನೆ ದಾಟಿದರೆ ಓರೆ ಬಾಹುವಿನಲ್ಲಿ ದಾಟುವುದು ಒಂದು ಮನೆಯ ಕರ್ಣವನ್ನು, ಎಂದರೆ ಸುಮಾರು 1.414 ಪಟ್ಟು. ಎರಡರ ವರ್ಗಮೂಲ ಯಾವ ಎರಡು ಪೂರ್ಣಸಂಖ್ಯೆಗಳ ಭಾಗಲಬ್ಧವೂ ಅಲ್ಲವಾದ್ದರಿಂದ ಎಷ್ಟು ಮನೆ ಎಣಿಸಿದರೂ ನೇರ ಓರೆಗಳು ಸಮನಾಗುವುದಿಲ್ಲ. ಏಳು ಮನೆ ನೇರಕ್ಕೆ ಐದು ಮನೆ ಓರೆ ಹಾಕಿದರೆ ಏಳಕ್ಕೆ ಎದುರು 7.07, ಕಣ್ಣು ಒಪ್ಪಿಕೊಳ್ಳುತ್ತದೆ. ಗಣಿತ ಒಪ್ಪುವುದಿಲ್ಲ. ಇಲ್ಲಿ ನಾನು ಕಣ್ಣಿನ ಪಕ್ಷ.

ಗೆರೆ ಇಮ್ಮಡಿಯಾಗದ, ಹೋದ ದಾರಿಯಲ್ಲಿ ಹೊರಳಬಾರದೆಂಬ ಕಲೆಯೂ ನಮ್ಮ ಬಾಗಿಲಲ್ಲೇ ಇದೆ. ಚುಕ್ಕಿಗಳನ್ನಿಟ್ಟು, ಅವುಗಳನ್ನು ಮುಟ್ಟದೆ ಸುತ್ತು ಬಳಸಿ ಎಳೆಯುವ ಎಳೆಯ ರಂಗವಲ್ಲಿಯ ಮಾತು ಹೇಳುತ್ತಿದ್ದೇನೆ. ತಮಿಳುನಾಡಿನಲ್ಲಿ ಇದರ ವೈಭವ ಹೆಚ್ಚು. ಅಲ್ಲಿನ ತಾಂಬರಮ್ಮಿನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿದ್ದ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಹಾಗೂ ಕಮಲಾ ಕೃತಿವಾಸನ್ ಅವರು 1974ರಲ್ಲಿಯೇ ಕೋಲಗಳನ್ನು ಒಂದು ಭಾಷೆಯಂತೆ ಭಾವಿಸಿ ಅವುಗಳಿಗೆ ವ್ಯಾಕರಣ ಬರೆದರು; ಗಣಕಯಂತ್ರದ ಭಾಷಾಸಿದ್ಧಾಂತಕ್ಕೆ ಅದರಿಂದ ಲಾಭವೇ ಆಯಿತು. ಅದರ ವಿವರಕ್ಕೆ ಇಲ್ಲಿ ಎಡೆಯಿಲ್ಲ. ಮನೆಯಲ್ಲಿಯೇ ಪರೀಕ್ಷಿಸಬಹುದಾದ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇನೆ. ಆಯತಾಕಾರದಲ್ಲಿ ಸಾಲುಗಟ್ಟಿ ಚುಕ್ಕಿಯಿಡಿ. ಚುಕ್ಕಿಗಳ ನಡುವೆ ಓರೆಯಾಗಿ ಎಳೆಯನ್ನು ಓಡಿಸಿ. ಅಂಚು ಬಂದಾಗ ಕೇರಂ ಹಲಗೆಯಲ್ಲಿ ಸ್ಟ್ರೈಕರ್ ಬದಿಗೆ ಬಡಿದು ತಿರುಗುವಂತೆ ತಿರುಗಿಸಿ. ಎಳೆಗಳು ಒಂದನ್ನೊಂದು ಹಾಯುವಲ್ಲಿ ನೇರವಾಗಿಯೇ ಹಾಯಿಸಿ. ಮೂರು ಸಾಲು ನಾಲ್ಕು ಚುಕ್ಕಿಯಾದರೆ ಒಂದೇ ಎಳೆ ಎಲ್ಲ ಚುಕ್ಕಿಗಳನ್ನೂ ಬಳಸಿ ಹೊರಟಲ್ಲಿಗೆ ಬರುತ್ತದೆ. ನಾಲ್ಕು ಸಾಲು ಆರು ಚುಕ್ಕಿಯಾದರೆ ಎರಡು ಎಳೆ ಬೇಕು. ಐದು ಸಾಲು ಐದು ಚುಕ್ಕಿಗೆ ಐದು ಎಳೆ. ಸಾಲಿನ ಸಂಖ್ಯೆ, ಚುಕ್ಕಿಯ ಸಂಖ್ಯೆ, ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಅಷ್ಟೇ ಎಳೆಗಳು. ಶಾಲೆಯಲ್ಲಿ ಮ.ಸಾ.ಅ. ಎಂಬ ಮೂರಕ್ಷರಕ್ಕೆ ಹೆದರಿ ಪಾಟಿ ಮುಚ್ಚಿಟ್ಟ ಎಷ್ಟು ಹುಡುಗಿಯರು ಮರುದಿನ ಮುಂಜಾನೆ ಅದನ್ನೇ ಅಂಗಳದಲ್ಲಿ ಬರೆದಿರಬಹುದು! ಆಫ್ರಿಕದ ಅಂಗೋಲಾದ ಚೊಕ್ವೆ ಜನ ಮರಳಿನ ಮೇಲೆ ಇದೇ ಬಗೆಯ ಎಳೆಗಳನ್ನು ಬರೆಯುತ್ತ ಕಥೆ ಹೇಳುತ್ತಿದ್ದರು. ಮೊಜಾಂಬಿಕಿನ ಪೌಲುಸ್ ಗೆರ್ಡೆಸ್ ಎಂಬ ವಿದ್ವಾಂಸರು ಅವುಗಳ ಗಣಿತವನ್ನು ವಿಸ್ತಾರವಾಗಿ ಬಿಡಿಸಿಟ್ಟಿದ್ದಾರೆ.

ಹಾಗಾದರೆ ಆ ತಾಯಿ ಗಣಿತಜ್ಞೆಯೆ? ಇಂಥ ಕಡೆ ಭಾವುಕತೆಯಿಂದ ಹೌದೆಂದುಬಿಡುವುದು ಇತ್ತೀಚೆಗೆ ರೂಢಿಯಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಅದರಿಂದ ಆಕೆಗೂ ಗೌರವವಿಲ್ಲ, ಗಣಿತಕ್ಕೂ ಇಲ್ಲ. ಹೊರಳಿ ಬಂದರೆ ತುಂಬುತ್ತದೆ ಎಂಬುದನ್ನು ಆಕೆ ಬಲ್ಲರು. ಯಾವಾಗಲೂ ತುಂಬುತ್ತದೆಯೆ, ತುಂಬದ ಆಕೃತಿ ಎಲ್ಲಾದರೂ ಇದ್ದೀತೆ ಎಂಬ ಸಂಶಯ ಆಕೆಯದಲ್ಲ, ನನ್ನದು. ಅದು ನನ್ನ ಕಸುಬು. ಆದರೆ ಒಂದು ದಾರಿ ಉಂಟೆಂದು ಸಾಧಿಸಿದ ಮೇಲೆ ಗಣಿತ ಸುಮ್ಮನಾಗುತ್ತದೆ; ಗೋಪುರವೊಂದಕ್ಕೆ ಇರುವ ಅಸಂಖ್ಯ ದಾರಿಗಳಲ್ಲಿ ಯಾವುದು ಒಳ್ಳೆಯದು, ಎಲ್ಲಿ ಹೂಡಿದರೆ ಕಳಸದ ಹೊತ್ತಿಗೆ ದಾರ ಸಾಲುತ್ತದೆ, ಯಾವ ಕಡೆ ಮೊದಲು ಹೋದರೆ ಎಣಿಕೆ ತಪ್ಪುವುದಿಲ್ಲ ಎಂಬಲ್ಲಿ ಆಕೆಯ ಕಸುಬು ಮೊದಲಾಗುತ್ತದೆ. ಆ ಆಯ್ಕೆಗೆ ನನ್ನ ಬಳಿ ಪ್ರಮೇಯವಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಸೂತಿಗೆ ಈಗ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅದರ ಚಿತ್ರಗಳು ಪುಸ್ತಕಗಳಲ್ಲಿ ಅಚ್ಚಾಗಿವೆ, ಯಂತ್ರದ ಮೇಲೂ ಬಂದಿವೆ. ಗೋಪುರ ನಷ್ಟವಾಗುವ ಭಯವಿಲ್ಲ. ಆದರೆ ಹೊಲಿಗೆಯ ಯಂತ್ರಕ್ಕೆ ದಾರ ಎರಡು, ಮೇಲಿನದೊಂದು, ಕೆಳಗೆ ಬಾಬಿನ್ನಿನದೊಂದು. ಮೇಲಿನ ಗೆರೆಯನ್ನು ಮೇಲಿನ ದಾರ ನೋಡಿಕೊಳ್ಳುತ್ತದೆ, ಕೆಳಗಿನದನ್ನು ಕೆಳಗಿನದು. ಹೋಗಿ ಹೊರಳುವ ಪ್ರಶ್ನೆಯೇ ಅದಕ್ಕೆ ಏಳುವುದಿಲ್ಲ. ಕಣ್ಣಿಗೆ ಹಾರಬೇಕಾದರೆ ಹಾರುತ್ತದೆ. ಬೆನ್ನಿನ ದಾರವನ್ನು ಕತ್ತರಿಸಿದರಾಯಿತು. ಅಂಗಡಿಯಲ್ಲಿ ಕೊಳ್ಳುವವರು ನೋಡುವುದು ಮುಂಬದಿಯನ್ನು, ಬೆಲೆ ಕಟ್ಟುವುದು ಮುಂಬದಿಗೆ; ಕೈಯ ಕೆಲಸಕ್ಕೂ ಯಂತ್ರದ ಕೆಲಸಕ್ಕೂ ಇರುವ ಅಂತರ ಬೆನ್ನಿನಲ್ಲಿದೆ. ಪುಸ್ತಕದಲ್ಲಿ ಅಚ್ಚಾದ ಚಿತ್ರವೂ ಅಷ್ಟೇ. ಅದು ಗೆರೆಗಳನ್ನು ತೋರಿಸುತ್ತದೆ, ನಡಿಗೆಯನ್ನು ತೋರಿಸುವುದಿಲ್ಲ. ಯಾವ ಮೂಲೆಯಿಂದ ಹೊರಟು ಯಾವ ಕವಲನ್ನು ಮೊದಲು ಹೊಕ್ಕು ಎಲ್ಲಿ ಹೊರಳಬೇಕೆಂಬುದು ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಪಕ್ಕದಲ್ಲಿ ಕೂತು ಬಂದದ್ದು. ಪಕ್ಕದಲ್ಲಿ ಕೂರುವವರು ಕಡಮೆಯಾಗಿದ್ದಾರೆ.

ಅದನ್ನು ಬರೆದಿಡುವುದೇನೂ ಕಷ್ಟವಲ್ಲ. ಪ್ರತಿ ಹೊಲಿಗೆಗೂ ಎರಡು ಸಂಖ್ಯೆ, ಹೋಗುವಾಗ ಅದು ಎಷ್ಟನೆಯದು, ಬರುವಾಗ ಎಷ್ಟನೆಯದು. ಒಂದು ಬೆಸವಾದರೆ ಇನ್ನೊಂದು ಸಮವಾಗಿರಲೇಬೇಕು. ಬರೆದುಕೊಂಡದ್ದರಲ್ಲಿ ತಪ್ಪಿದ್ದರೆ ಅಲ್ಲಿಯೇ ತಿಳಿದುಹೋಗುತ್ತದೆ. ಆ ತಾಯಿ “ಮೂರು ಮ್ಯಾಲ, ಎರಡು ಅಡ್ಡ, ಹೊಳ್ಳಿ ಒಂದು” ಎಂದು ಬಾಯಲ್ಲಿ ಹೇಳುತ್ತ ಹೋದಂತೆ ನಾನು ಚೌಕಳಿಯ ಕಾಗದದ ಮೇಲೆ ಗುರುತು ಮಾಡುತ್ತ ಬಂದಿದ್ದೇನೆ. ಗೋಪುರಕ್ಕೆ ಮೂರು ಪುಟ ಹಿಡಿಯಿತು. ತುಳಸಿಕಟ್ಟೆ ಒಂದೂವರೆ ಪುಟದಲ್ಲಿ ಮುಗಿಯಿತು. ಆನೆ ಮಾತ್ರ ಇನ್ನೂ ಸೊಂಡಿಲಿನ ತನಕ ಬಂದಿದೆ.